ಸೋಲಾರಿಗೆ ಪರಿಸರ ವರದಿ ಬೇಡವಂತೆ: ಹಾಗಾದರೆ ಪರಿಣಾಮ ಅಳೆಯುವವರು ಯಾರು?

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕು ಮಿಡಿಗೇಶಿ ಹೋಬಳಿಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ಸುತ್ತಲಿನ ಮೂರು ಹಳ್ಳಿಗಳಲ್ಲಿ ಸೋಲಾರ್ ಪ್ಲಾಂಟಿಗೆಂದು ಸುಮಾರು 1,200 ಎಕರೆ ಗುತ್ತಿಗೆಗೆ ಕೇಳುತ್ತಿದ್ದಾರೆ. ಪರಿಸರ ವರದಿ ಎಲ್ಲಿ ಎಂದರೆ ‘ಸೋಲಾರಿಗೆ ಅದೆಲ್ಲ ಬೇಡ, ಇದು ಹೊಗೆ ಬಿಡುವ ಫ್ಯಾಕ್ಟರಿ ಅಲ್ಲ’ ಎನ್ನುತ್ತಾರೆ. ಪಾವಗಡದ ಕಡೆಯ ನೆಂಟರು ಪ್ಲೇಟು ಬಂದ ಮೇಲೆ ಬಿಸಿಲು ಹೆಚ್ಚಾಯಿತು, ಮಳೆ ಓಡಿತು, ಕುರಿ ಮೇಯಿಸಲು ಜಾಗವಿಲ್ಲ ಎನ್ನುತ್ತಾರೆ. ಇದರಲ್ಲಿ ಯಾವುದು ನಿಜ? ಒಪ್ಪಿಗೆ ಕೊಡುವ ಮೊದಲು ನಾವು ಏನು ಕೇಳಬೇಕು?

ಉತ್ತರ: ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಕಾನೂನಿನ ಪ್ರಕಾರ ಸೋಲಾರ್ ಪ್ಯಾನೆಲ್ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನ, ಅಂದರೆ ಇಐಎ, ಕಡ್ಡಾಯವಲ್ಲ. 2006ರ ಸೆಪ್ಟೆಂಬರ್ 14ರ ಕೇಂದ್ರದ ಇಐಎ ಅಧಿಸೂಚನೆಯ ಪಟ್ಟಿಯಲ್ಲಿ ಕಲ್ಲಿದ್ದಲು, ಜಲವಿದ್ಯುತ್, ಪರಮಾಣು ಸ್ಥಾವರಗಳಿವೆ. ಸೋಲಾರ್ ಪ್ಯಾನೆಲ್ ಇಲ್ಲ. 2011ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಪರಿಸರ ಸಚಿವಾಲಯ ಇದನ್ನೇ ಸ್ಪಷ್ಟಪಡಿಸಿತು. ಸೋಲಾರ್ ಪಾರ್ಕುಗಳಿಗೂ ಇದೇ ಮಾತು. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ ಸೋಲಾರ್ ಬಿಳಿ ಗುಂಪಿಗೆ ಸೇರಿತು. ಹಾಗಾಗಿ ಮಂಡಳಿಯ ಸಮ್ಮತಿಪತ್ರವೂ ಬೇಡ, ಮಾಹಿತಿ ಕೊಟ್ಟರೆ ಸಾಕು.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ, ಅದನ್ನು ಗಮನಿಸುವವರು ಕಡಿಮೆ. ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಂಡರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಸಾಮಾನ್ಯವಾಗಿ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು. ಅದರಲ್ಲಿ ಕೂಲಿಕಾರರು, ಗೇಣಿಗೆ ಉಳುವವರು ಸಹ ಲೆಕ್ಕಕ್ಕೆ ಬರುತ್ತಾರೆ. ಗುತ್ತಿಗೆಯಲ್ಲಿ ಸ್ವಾಧೀನವೇ ಇಲ್ಲ, ಆದ್ದರಿಂದ ಆ ಅಧ್ಯಯನವೂ ಇಲ್ಲ. ಜಮೀನು ಕೈಬಿಟ್ಟು ಹೋಗದ ಕಾರಣ ಗುತ್ತಿಗೆ ಪದ್ಧತಿ ಪಹಣಿ ಇರುವ ರೈತನಿಗೆ ಒಳ್ಳೆಯದೇ. ಆದರೆ ಪಹಣಿ ಇಲ್ಲದವನು ಕಾಗದದಲ್ಲಿ ಎಲ್ಲೂ ಕಾಣಿಸುವುದಿಲ್ಲ.

ಹೀಗಾಗಿ 1,200 ಎಕರೆಯ ಯೋಜನೆಯೊಂದು ಊರಿಗೆ ಬಂದು ಕೂತರೂ, ಬರುವ ಮೊದಲು ಆ ನೆಲದಲ್ಲಿ ಏನಿತ್ತು ಎಂದು ಬರೆದಿಡುವ ಹೊಣೆ ಯಾರಿಗೂ ಇಲ್ಲ. ನನ್ನ ಮಟ್ಟಿಗೆ ದೊಡ್ಡ ಕೊರತೆ ಇದೇ. ಇಐಎ ವರದಿಗಳನ್ನು ಓದಿ, ಬರೆದು, ತಿದ್ದಿದ ಅನುಭವದಿಂದ ಹೇಳುತ್ತೇನೆ: ಆ ದಪ್ಪ ಪುಸ್ತಕಗಳಲ್ಲಿ ನಿಜಕ್ಕೂ ಬೆಲೆಬಾಳುವ ಭಾಗ ‘ಪರಿಣಾಮ ಅಲ್ಪ’ ಎಂದು ಮುಗಿಯುವ ಕೊನೆಯ ಅಧ್ಯಾಯವಲ್ಲ. ಯೋಜನೆಗೆ ಮುಂಚೆ ನೀರು ಎಷ್ಟು ಆಳದಲ್ಲಿತ್ತು, ಹಳ್ಳ ಎಲ್ಲಿ ಹರಿಯುತ್ತಿತ್ತು, ಎಷ್ಟು ಕುರಿ ಮೇಯುತ್ತಿದ್ದವು ಎಂಬ ಮೊದಲಿನ ಸ್ಥಿತಿಯ ದಾಖಲೆ. ಅದಿಲ್ಲದಿದ್ದರೆ ಐದು ವರ್ಷದ ನಂತರ ಊರಿನವರು ‘ನೀರು ಇಳಿಯಿತು’ ಎನ್ನುತ್ತಾರೆ, ಕಂಪನಿಯವರು ‘ಮೊದಲೇ ಇಳಿದಿತ್ತು’ ಎನ್ನುತ್ತಾರೆ, ತೀರ್ಮಾನ ಮಾಡಲು ಯಾರ ಬಳಿಯೂ ಏನೂ ಇರುವುದಿಲ್ಲ. ಪಾವಗಡದ ಬಗ್ಗೆ ಇಂದಿಗೂ ನಡೆಯುವ ಹಲವು ವಾದಗಳು ನಿಂತಿರುವುದು ಇಲ್ಲೇ.

ನಿಮ್ಮ ನೆರೆಯ ಪಾವಗಡದ ಸೋಲಾರ್ ಪಾರ್ಕಿನ ಅಳತೆಯನ್ನು ಒಮ್ಮೆ ಕಣ್ಣಮುಂದೆ ಇಟ್ಟುಕೊಳ್ಳೋಣ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ, ಅಂದರೆ 53 ಚದರ ಕಿಲೋಮೀಟರ್. ಸಾಮರ್ಥ್ಯ 2,050 ಮೆಗಾವಾಟ್. 2015ರಲ್ಲಿ ಇದಕ್ಕೆಂದೇ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೇರಿ ಕೆಎಸ್‌ಪಿಡಿಸಿಎಲ್ ಎಂಬ ಸೋಲಾರ್ ಪಾರ್ಕ್ ಕಂಪನಿ ಕಟ್ಟಿದವು. 2018ರ ಮಾರ್ಚ್ 1ರಂದು ಮೊದಲ ಹಂತದ ಉದ್ಘಾಟನೆ, 2019ರ ಕೊನೆಗೆ ಪೂರ್ತಿ ಕೆಲಸ. ಸುಮಾರು 2,300 ರೈತರಿಂದ 28 ವರ್ಷಕ್ಕೆ ಗುತ್ತಿಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಪ್ರತಿ ಮೆಗಾವಾಟಿಗೆ ಆರು ಎಕರೆ ಚಿಲ್ಲರೆ ಬೀಳುತ್ತದೆ. ಆ ಲೆಕ್ಕದಲ್ಲಿ ನಿಮ್ಮ 1,200 ಎಕರೆಯಲ್ಲಿ ಬರುವುದು 200 ಮೆಗಾವಾಟಿನ ಆಸುಪಾಸು.

ಈಗ ಬಿಸಿ ಮತ್ತು ಮಳೆಯ ಮಾತು. ಬಿಸಿಯ ಮಾತು ಪೂರ್ತಿ ಕಟ್ಟುಕತೆಯಲ್ಲ. ಅಮೆರಿಕದ ಅರಿಜೋನಾದಲ್ಲಿ ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಕ್ಕದ ಕುರುಚಲು ಮರುಭೂಮಿಗಿಂತ ಪ್ಯಾನೆಲ್ ಮೈದಾನದ ಮೇಲಿನ ಗಾಳಿ ರಾತ್ರಿ ಹೊತ್ತು 3ರಿಂದ 4 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಇತ್ತು. ಪ್ಯಾನೆಲಿನ ಮೇಲೆ ಬಿದ್ದ ಬಿಸಿಲಿನಲ್ಲಿ ಐದನೇ ಒಂದು ಭಾಗದಷ್ಟು ಮಾತ್ರ ಕರೆಂಟಾಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಶಾಖವೇ. ಜೊತೆಗೆ ಕೆಳಗಿನ ಹುಲ್ಲು ಗಿಡ ಕೆರೆದು ಹಾಕಿದರೆ ಎಲೆಗಳಿಂದ ನೀರು ಆವಿಯಾಗಿ ಆಗುತ್ತಿದ್ದ ತಂಪೂ ಹೋಗುತ್ತದೆ. ಆದರೆ ಈ ಬಿಸಿ ದೂರ ಹೋಗುವುದಿಲ್ಲ. ಇನ್ನೊಂದು ಅಧ್ಯಯನದಲ್ಲಿ ಬೇಲಿಯಿಂದ ಸುಮಾರು 300 ಮೀಟರ್ ಆಚೆ ಗಾಳಿಯ ಉಷ್ಣತೆ ಬಹುತೇಕ ಮಾಮೂಲಿಗೆ ಬಂದಿತ್ತು. ಇದರಿಂದ ನಿಮಗೆ ಸಿಗುವ ಕೆಲಸದ ಮಾತು ಇಷ್ಟು: ಊರಿನ ಮನೆಗಳಿಗೂ ಪ್ಯಾನೆಲಿಗೂ ನಡುವೆ ಕನಿಷ್ಠ 300 ಮೀಟರ್ ಬಿಡಿಸಿ, ಆ ಅಂತರದಲ್ಲಿ ಹೊಂಗೆ, ಬೇವು ಉಳಿಸಿಕೊಳ್ಳಿ, ನೆಲದ ಹುಲ್ಲು ಕೆರೆಯಬಾರದೆಂದು ಬರೆಸಿ.

ಮಳೆ ಓಡಿತು ಎಂಬುದಕ್ಕೆ ಆಧಾರವಿಲ್ಲ. ಸಹಾರಾ ಮರುಭೂಮಿಯ ಸುಮಾರು 90 ಲಕ್ಷ ಚದರ ಕಿಲೋಮೀಟರನ್ನೂ ಪ್ಯಾನೆಲ್, ಗಾಳಿಯಂತ್ರಗಳಿಂದ ತುಂಬಿಸಿದರೆ ಏನಾದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ 2018ರ ಅಧ್ಯಯನದಲ್ಲಿ ಮಳೆ ಹೆಚ್ಚುತ್ತದೆ ಎಂದೇ ಬಂತು. ನಮ್ಮದು 53 ಚದರ ಕಿಲೋಮೀಟರ್. ವರ್ಷಕ್ಕೆ 500-600 ಮಿಲಿಮೀಟರ್ ಬೀಳುವ ಸೀಮೆಯಲ್ಲಿ ಪ್ಲೇಟು ಬರುವ ಮೊದಲೂ ಸತತ ಮೂರು ವರ್ಷ ಮಳೆ ಕೈಕೊಟ್ಟದ್ದುಂಟು. ಅನುಮಾನ ಉಳಿದರೆ ಜಗಳ ಬೇಡ, ಅಂಕಿ ನೋಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ತಾನೇ ವರದಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ನಿಮ್ಮ ಪಂಚಾಯಿತಿಯ ಹಿಂದಿನ ವರ್ಷಗಳ ದಾಖಲೆಯನ್ನು ಈಗಲೇ ತೆಗೆದಿಟ್ಟುಕೊಂಡರೆ ಮುಂದೆ ಈ ವಾದ ಹುಟ್ಟುವುದೇ ಇಲ್ಲ.

ಬಿಸಿಯ ಮಾತೇ ಎಲ್ಲರ ಬಾಯಲ್ಲಿದೆ, ನೀರನ್ನು ಕೇಳುವವರಿಲ್ಲ. ನಿಮ್ಮ ಪ್ರಶ್ನೆಯಲ್ಲೂ ಅದು ಬಂದಿಲ್ಲ, ಆದರೆ ನಾನು ಮೊದಲು ಕೇಳುವುದು ಅದನ್ನೇ. ಪ್ಯಾನೆಲಿನ ಮೇಲೆ ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ, ಹಾಗಾಗಿ ತೊಳೆಯಬೇಕು. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ. ಹೆಚ್ಚು ನೀರು ಬೇಕಾಗುವುದು ಬೋರ್‌ವೆಲ್‌ಗಳು ಏದುಸಿರು ಬಿಡುವ ಬೇಸಿಗೆಯಲ್ಲೇ. ಲೆಕ್ಕ ಕಷ್ಟವಿಲ್ಲ. 320 ವಾಟಿನ ಪ್ಯಾನೆಲ್ ಎಂದುಕೊಂಡರೆ 2,050 ಮೆಗಾವಾಟಿಗೆ ಸುಮಾರು 64 ಲಕ್ಷ ಪ್ಯಾನೆಲ್. ಒಂದಕ್ಕೆ ಒಂದು ಸಲಕ್ಕೆ ಎರಡೇ ಲೀಟರ್ ಹಿಡಿಯಿರಿ, ಒಂದು ಸುತ್ತಿಗೆ 1.28 ಕೋಟಿ ಲೀಟರ್. ತಿಂಗಳಿಗೆ ಎರಡು ಸಲ ತೊಳೆದರೆ ವರ್ಷಕ್ಕೆ 30 ಕೋಟಿ ಲೀಟರ್ ದಾಟುತ್ತದೆ.

ಇದು ಹೆಚ್ಚೋ ಕಡಿಮೆಯೋ? ಯಾವುದರ ಪಕ್ಕದಲ್ಲಿ ಇಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ನೀರಾವರಿ ಕಡಲೆಕಾಯಿಗೆ ಬೆಳೆಯ ಅವಧಿಯಲ್ಲಿ ಸುಮಾರು 500 ಮಿಲಿಮೀಟರ್ ನೀರು ಬೇಕು ಎಂದಿಟ್ಟುಕೊಂಡರೆ, ಎಕರೆಗೆ 20 ಲಕ್ಷ ಲೀಟರ್. ಅಂದರೆ 13,000 ಎಕರೆಯ ಪಾರ್ಕಿನ ಇಡೀ ವರ್ಷದ ತೊಳೆಯುವ ನೀರು ಕೇವಲ 150 ಎಕರೆ ಕಡಲೆಕಾಯಿಗೆ ಹೋಗುವ ನೀರು. ಕಲ್ಲಿದ್ದಲಿನ ಪಕ್ಕದಲ್ಲಿಟ್ಟರೆ ಇನ್ನೂ ಚಿಕ್ಕದು. ಪಾವಗಡದಷ್ಟು ದೊಡ್ಡ ಪಾರ್ಕಿನಿಂದ ವರ್ಷಕ್ಕೆ ಅಂದಾಜು 400 ಕೋಟಿ ಯೂನಿಟ್ ಸಿಗುತ್ತದೆ. ಅಷ್ಟನ್ನೇ ಕಲ್ಲಿದ್ದಲಿನಿಂದ ತೆಗೆದರೆ ಇಪ್ಪತ್ತೈದು ಲಕ್ಷ ಟನ್ನಿಗೂ ಮೀರಿ ಕಲ್ಲಿದ್ದಲು ಸುಡಬೇಕು. ಹಳೆಯ ಶಾಖೋತ್ಪನ್ನ ಸ್ಥಾವರಗಳಿಗೆ 2015ರಲ್ಲಿ ಕೇಂದ್ರ ನಿಗದಿ ಮಾಡಿದ ನೀರಿನ ಬಳಕೆಯ ಗರಿಷ್ಠ ಮಿತಿ ಸಾವಿರ ಯೂನಿಟ್ಟಿಗೆ 3.5 ಘನ ಮೀಟರ್. ಆ ಲೆಕ್ಕದಲ್ಲಿ 1,400 ಕೋಟಿ ಲೀಟರ್ ನೀರು ಬೇಕಾಗುತ್ತದೆ. ಸೋಲಾರ್ ಪರವಾಗಿ ಮಾತನಾಡುವವರು ಈ ಹೋಲಿಕೆ ಕೊಟ್ಟರೆ ಅದು ಸರಿಯಾದ ಹೋಲಿಕೆಯೇ. ದೇಶದ ಲೆಕ್ಕದಲ್ಲಿ ಸೋಲಾರ್ ಗೆಲ್ಲುತ್ತದೆ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ರಾಯಚೂರಿನ ಸ್ಥಾವರ ಕೃಷ್ಣಾ ನದಿಯ ನೀರು ಕುಡಿಯುತ್ತದೆ. ನಿಮ್ಮ ಪ್ಲಾಂಟು ಎಲ್ಲಿಂದ ಕುಡಿಯುತ್ತದೆ? ನಿಮ್ಮ 200 ಮೆಗಾವಾಟಿಗೆ ಅದೇ ಲೆಕ್ಕ ಹಾಕಿದರೆ ವರ್ಷಕ್ಕೆ 3 ಕೋಟಿ ಲೀಟರ್. ಎರಡು ಸಾವಿರ ಜನರ ಊರಿಗೆ ಜಲಜೀವನ್ ಮಿಷನ್ ಪ್ರಕಾರ ತಲಾ 55 ಲೀಟರಿನಂತೆ ಕೊಟ್ಟರೆ ವರ್ಷಕ್ಕೆ 4 ಕೋಟಿ ಲೀಟರ್. ಅಂದರೆ ಪ್ಲಾಂಟು ಎಂಬುದು ನಿಮ್ಮ ಪಂಚಾಯಿತಿಗೆ ಬಂದು ಸೇರುವ ಇನ್ನೊಂದು ಊರು, ಅದೂ ಬೇಸಿಗೆಯಲ್ಲಿ ಮಾತ್ರ ಹೆಚ್ಚು ಕುಡಿಯುವ ಊರು. ಲಾಭ ದೇಶಕ್ಕೆ ಹಂಚಿಹೋಗುತ್ತದೆ, ನೀರು ಮಾತ್ರ ಒಂದೇ ಹೋಬಳಿಯ ಬಂಡೆಯ ಬಿರುಕಿನಿಂದ ಬರುತ್ತದೆ. ಪಾವಗಡ, ಮಧುಗಿರಿ ಕಡೆ ಫ್ಲೋರೈಡಿನ ತೊಂದರೆ ಬೇರೆ ಇದೆ. ಬೋರ್‌ವೆಲ್ ಆಳಕ್ಕೆ ಹೋದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚುವ ಅಪಾಯವಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ ಎಂಬುದು ನಮ್ಮ ಮಾನಕ.

ಆದ್ದರಿಂದ ನೀರಿನ ವಿಷಯದಲ್ಲಿ ಕಂಪನಿಗೆ ಕೇಳಬೇಕಾದ ಪ್ರಶ್ನೆ ಬಾಯಿಮಾತಿನದಾಗಬಾರದು. ಒಣ ಬ್ರಷ್ಷಿನ ಯಂತ್ರಗಳು ಬಂದಿವೆ, ಸಾಲಿನ ಮೇಲೆ ತಾವೇ ಓಡಾಡಿ ನೀರಿಲ್ಲದೆ ಧೂಳು ಹೊಡೆಯುತ್ತವೆ. ದೊಡ್ಡ ಪ್ಲಾಂಟುಗಳಿಗೆ ಅದು ಹೊಸದೂ ಅಲ್ಲ, ಎಟುಕದ್ದೂ ಅಲ್ಲ. ನಿಮ್ಮಂಥ ಸೀಮೆಯಲ್ಲಿ ಅದನ್ನೇ ಷರತ್ತು ಮಾಡಿ. ತೊಳೆಯಲೇಬೇಕು ಎಂದರೆ ಪ್ಲಾಂಟಿನ ಒಳಗೇ ಮಳೆನೀರಿನ ಹೊಂಡ ಮಾಡಿಕೊಳ್ಳಲಿ. ಗಾಜಿನ ಮೇಲೆ ಬಿದ್ದು ಜಾರುವ ನೀರಿಗಿಂತ ಸುಲಭವಾಗಿ ಹಿಡಿಯುವ ನೀರು ಬೇರೆ ಯಾವುದಿದೆ? ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಬೋರ್ ಕೊರೆಸಲು ಅನುಮತಿ ಬೇಕು. ಸೋಲಾರ್ ಬಿಳಿ ಗುಂಪು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಊರಿನ ಖಾಸಗಿ ಬೋರ್‌ವೆಲ್ಲಿನಿಂದ ಟ್ಯಾಂಕರ್ ತುಂಬಿಸಿ ತರುವುದು ಈ ಅನುಮತಿಯನ್ನು ಸುಲಭವಾಗಿ ತಪ್ಪಿಸಿಕೊಳ್ಳುವ ದಾರಿ. ಒಪ್ಪಂದದಲ್ಲಿ ಟ್ಯಾಂಕರಿನ ಹೆಸರು ಹಿಡಿದೇ ಬರೆಸಿ.

ನೀರಿನದೇ ಇನ್ನೊಂದು ಮುಖ ಹರಿವು. ನಿಮ್ಮ ಕಡೆಯ ಜಮೀನು ಬದು, ಕಾಲುವೆ, ಚಿಕ್ಕ ಹಳ್ಳಗಳ ಮೂಲಕ ಕೆರೆಗೆ ಕಟ್ಟಿಕೊಂಡಿದೆ. ಪ್ಯಾನೆಲ್ ನಿಲ್ಲಿಸುವವರಿಗೆ ನೆಲ ಚಪ್ಪಟೆಯಾದಷ್ಟೂ ಅನುಕೂಲ. ಜೆಸಿಬಿ ಇಳಿಸಿ ಬದು ಒಡೆದು, ಹಳ್ಳ ಮುಚ್ಚಿ ಸಮ ಮಾಡಿದರೆ ಎರಡು ಮಳೆಯಲ್ಲಿ ಮೇಲ್ಮಣ್ಣು ಕೆರೆಯ ಹೊಟ್ಟೆ ಸೇರುತ್ತದೆ. ಈ ಬಗ್ಗೆ ಅಮೆರಿಕದಲ್ಲಿ ನಡೆದ 2013ರ ಅಧ್ಯಯನವೊಂದರ ಫಲಿತಾಂಶ ನನಗೆ ಬಹಳ ಉಪಯೋಗಕ್ಕೆ ಬಂದಿದೆ: ಪ್ಯಾನೆಲ್ ಇರುವುದರಿಂದಲೇ ಹರಿಯುವ ನೀರು ಅಷ್ಟೇನೂ ಹೆಚ್ಚುವುದಿಲ್ಲ. ಕೆಳಗೆ ಹುಲ್ಲಿಲ್ಲದೆ ಬರಿ ನೆಲವೋ ಜಲ್ಲಿಯೋ ಇದ್ದರೆ ಮಾತ್ರ ಹರಿವಿನ ರಭಸ ಜೋರಾಗಿ ಏರುತ್ತದೆ. ಪ್ಯಾನೆಲಿನ ಕೆಳಅಂಚಿನಿಂದ ನೀರು ಒಂದೇ ಗೆರೆಯಲ್ಲಿ ಸುರಿದು ಮಣ್ಣನ್ನು ಕೊರೆಯುವುದನ್ನೂ ಹುಲ್ಲೇ ತಡೆಯುತ್ತದೆ. ಹಾಗಾಗಿ ಬದು ಇದ್ದ ಹಾಗೇ ಇರಲಿ, ಕಂಬಗಳನ್ನು ಕಾಂಕ್ರೀಟ್ ಹಾಸದೆ ನೆಲಕ್ಕೆ ಬಡಿದು ನಿಲ್ಲಿಸಲಿ, ಕಳೆ ತೆಗೆಯಲು ಕಳೆನಾಶಕ ಹೊಡೆಯಬಾರದು. ಈ ಮೂರರಿಂದ ಕಂಪನಿಗೆ ದೊಡ್ಡ ಖರ್ಚೇನೂ ಬರುವುದಿಲ್ಲ. ಬದಲಾಗಿ 28 ವರ್ಷದ ನಂತರ ಜಮೀನು ಜಮೀನಾಗಿಯೇ ಕೈಗೆ ಬರುತ್ತದೆ. ಹಳ್ಳ, ರಾಜಕಾಲುವೆ, ಕೆರೆಯಂಗಳ ಇವೆಲ್ಲ ಸರ್ವೆ ನಕ್ಷೆಯಲ್ಲಿ ಇವೆ. ಭೂದಾಖಲೆ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆಸಿ, ಕಂಪನಿಯ ಪ್ಲಾನನ್ನು ಅದರ ಮೇಲಿಟ್ಟು ನೋಡಿ. ನಾನು ಕಂಡಂತೆ ಅರ್ಧ ತಕರಾರುಗಳು ಈ ಒಂದು ಕೆಲಸದಿಂದಲೇ ಹೊರಬರುತ್ತವೆ.

ಈಗ ಕುರಿಯ ಪ್ರಶ್ನೆ. ನಿಮ್ಮ ನೆಂಟರು ಹೇಳಿದ ಮೂರರಲ್ಲಿ ಇದು ನಿಸ್ಸಂದೇಹವಾಗಿ ನಿಜ, ಮತ್ತು ನನ್ನ ಅಭಿಪ್ರಾಯದಲ್ಲಿ ದೊಡ್ಡ ಸೋಲಾರಿನ ಅತಿ ದೊಡ್ಡ ಪರಿಣಾಮವೂ ಇದೇ. ಬೀಳು ಬಿಟ್ಟ ಹೊಲ, ಕೊಯ್ಲಾದ ಕಡಲೆಕಾಯಿ ಹೊಲ, ಗೋಮಾಳ, ಖರಾಬು ಎಲ್ಲವೂ ಸೇರಿ ಕುರಿಗಾಹಿಗೆ ಒಂದೇ ಹುಲ್ಲುಗಾವಲು. ಯಾರ ಹೆಸರಿನ ಪಹಣಿ ಎಂಬುದು ಕುರಿಗೆ ಗೊತ್ತಿಲ್ಲ. ಬೇಲಿ ಬಿದ್ದ ದಿನ ಆ ಹುಲ್ಲುಗಾವಲು ಮುಗಿಯಿತು. ಜಮೀನಿನವನಿಗೆ ಗುತ್ತಿಗೆ ಹಣ ಬರುತ್ತದೆ, ಕುರಿಯವನಿಗೆ ಏನೂ ಇಲ್ಲ. ಕಡಲೆಕಾಯಿ ಕೀಳಲು, ಬಿಡಿಸಲು ಹೋಗುತ್ತಿದ್ದ ಕೂಲಿ ಹೆಂಗಸರಿಗೂ ಇದೇ ಗತಿ. ಪ್ಲಾಂಟಿನಲ್ಲಿ ಕೆಲಸ ಸಿಗುತ್ತದೆ ಎಂದು ಹೇಳುತ್ತಾರೆ. ಕಟ್ಟುವಾಗ ಸಿಗುತ್ತದೆ, ಕಟ್ಟಿದ ಮೇಲೆ ಉಳಿಯುವುದು ಕಾವಲು, ಹುಲ್ಲು ಕತ್ತರಿಸುವುದು, ತೊಳೆಯುವುದು. ನೂರಾರು ಎಕರೆಗೆ ಕೆಲವೇ ಜನ ಸಾಕು.

ಗೋಮಾಳದ ಬಗ್ಗೆ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಹಿಡಿತವಿದೆ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಗೋಮಾಳ ಇರಬೇಕು. ಯೋಜನೆಯ 1,200 ಎಕರೆಯಲ್ಲಿ ಸರ್ಕಾರಿ ಗೋಮಾಳ ಎಷ್ಟು, ಸಾರ್ವಜನಿಕ ಬಳಕೆಗೆ ಬಿಟ್ಟ ಬಿ ಖರಾಬು ಎಷ್ಟು, ಪಶು ಆಸ್ಪತ್ರೆಯ ಜಾನುವಾರು ಗಣತಿಯಂತೆ ನಿಮ್ಮ ಹಳ್ಳಿಗಳಿಗೆ ಎಷ್ಟು ಬೇಕು ಎಂದು ತಹಶೀಲ್ದಾರರಿಗೆ ಬರವಣಿಗೆಯಲ್ಲಿ ಕೇಳಿ. ‘ಅದೆಲ್ಲ ಪಾಳುಭೂಮಿ’ ಎಂಬ ಉತ್ತರ ಬಂದರೆ ಒಪ್ಪಬೇಡಿ. ಹುಲ್ಲುಗಾವಲು, ಕುರುಚಲು ಕಾಡುಗಳನ್ನು ಸರ್ಕಾರಿ ನಕ್ಷೆಗಳಲ್ಲಿ ಪಾಳು ಎಂದು ಬರೆದುಬಿಡುವ ಅಭ್ಯಾಸ ಬ್ರಿಟಿಷರ ಕಾಲದ್ದು. ಕಂದಾಯ ಹುಟ್ಟದ ನೆಲವೆಲ್ಲ ಅವರಿಗೆ ಪಾಳು.

ಇದಕ್ಕೆ ಪರಿಹಾರವಿಲ್ಲ ಎಂದೇನೂ ಅಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪ್ಯಾನೆಲಿನ ಕೆಳಗೆ ಕುರಿ ಮೇಯಿಸುವುದು ದೊಡ್ಡ ಮಟ್ಟದಲ್ಲೇ ನಡೆಯುತ್ತಿದೆ. ಕಂಪನಿಗೆ ಹುಲ್ಲು ಕತ್ತರಿಸುವ ಖರ್ಚು ಉಳಿಯುತ್ತದೆ, ನೆರಳಿನಲ್ಲಿ ಹುಲ್ಲು ಸ್ವಲ್ಪ ದಿನ ಹೆಚ್ಚು ಹಸಿರಾಗಿರುತ್ತದೆ. ಪ್ಯಾನೆಲಿನ ಕೆಳಅಂಚು ನೆಲದಿಂದ ಮೂರು ಅಡಿಗಿಂತ ಮೇಲಿರಬೇಕು, ತಂತಿಗಳು ಕೊಳವೆಯೊಳಗೆ ಇರಬೇಕು, ಅಷ್ಟೇ. ಮೇಕೆ ಬೇಡ. ಮೇಕೆ ಪ್ಯಾನೆಲ್ ಹತ್ತುತ್ತದೆ, ತಂತಿ ಕಡಿಯುತ್ತದೆ, ಆಮೇಲೆ ಮೇಕೆಯವನಿಗೂ ಕಂಪನಿಗೂ ನ್ಯಾಯ ಹೇಳುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಪ್ಲಾನ್ ಮಾಡುವಾಗಲೇ ಕೇಳಿದರೆ ಪ್ಯಾನೆಲಿನ ಎತ್ತರ ಬದಲಿಸಬಹುದು. ನಿಲ್ಲಿಸಿದ ಮೇಲೆ ಆಗುವುದಿಲ್ಲ.

ಕಾಡುಪ್ರಾಣಿಗಳ ವಿಷಯಕ್ಕೆ ನಿಮ್ಮ ತಾಲ್ಲೂಕು ಸಾಮಾನ್ಯದ್ದಲ್ಲ. ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ 2007ರಿಂದ ಇದೆ. ಕೃಷ್ಣಮೃಗ ಆ 798 ಎಕರೆಯೊಳಗೇ ಕಟ್ಟಿಹಾಕಿದ ಹಾಗೆ ಇರುವುದಿಲ್ಲ, ಸುತ್ತಲಿನ ಬಯಲು, ಹೊಲಗಳಲ್ಲೂ ಓಡಾಡುತ್ತದೆ. ಅದು ಬಯಲಿನ ಪ್ರಾಣಿ. ಓಡುವುದು ಅದರ ರಕ್ಷಣೆ, ಬೇಲಿ ಅದರ ಶತ್ರು. ಬೇಲಿಯಲ್ಲಿ ಓಡಾಟದ ದಾರಿಗಳನ್ನು ಬಿಟ್ಟು, ಇಡೀ 1,200 ಎಕರೆಗೆ ಒಂದೇ ಸುತ್ತು ಹಾಕದೆ ತುಂಡು ತುಂಡಾಗಿ ಹಾಕಿಸಬಹುದು. ಹಕ್ಕಿಗಳಿಗೆ ಪ್ಯಾನೆಲಿಗಿಂತ ಹೈಟೆನ್ಷನ್ ಲೈನು ಹೆಚ್ಚು ಅಪಾಯ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮೀನಿಗಾಗಿ ಸುತ್ತಲಿನ ಕೆರೆಗಳಿಗೆ ಹಾರುತ್ತವೆ. ಅಂಥ ದೊಡ್ಡ ಹಕ್ಕಿಗಳು ತಂತಿಯನ್ನು ಕಂಡೂ ತಟ್ಟನೆ ತಿರುಗಲಾರವು. ಲೈನು ಕೆರೆಯ ಮೇಲೆ ಹಾದುಹೋಗದಂತೆ ನೋಡಿಕೊಳ್ಳಬೇಕು, ಹಾದರೆ ಹಕ್ಕಿಗೆ ಕಾಣುವಂತೆ ತಂತಿಗೆ ಗುರುತಿನ ಬಿಲ್ಲೆಗಳನ್ನು ಕಟ್ಟಿಸಬೇಕು. ಕೆಲವು ನೀರಹುಳುಗಳು ಪ್ಯಾನೆಲಿನ ಹೊಳಪನ್ನು ನೀರೆಂದು ತಿಳಿದು ಅದರ ಮೇಲೇ ಮೊಟ್ಟೆ ಇಡುತ್ತವೆ ಎಂಬುದು 2010ರಿಂದ ಗೊತ್ತಿರುವ ಸಂಗತಿ. ಕೆರೆಯ ಪಕ್ಕದಲ್ಲೇ ಪ್ಯಾನೆಲ್ ಬೇಡ ಎನ್ನಲು ಅದೂ ಒಂದು ಕಾರಣ. ಜೀವವೈವಿಧ್ಯ ಕಾಯ್ದೆಯಡಿ ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕವೂ ಇರಬೇಕು. ಬೀರುವಿನಲ್ಲಿದ್ದರೆ ಹೊರತೆಗೆದು ನೋಡಿ. ಖಾಲಿ ಇದ್ದರೆ ತುಂಬಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಬದುಗಳ ಮೇಲಿನ ಮರಗಳನ್ನು ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯನ್ನು ಕೇಳಬೇಕು. ಅರಣ್ಯ ಜಮೀನು ಒಂದು ಗುಂಟೆ ಸೇರಿದರೂ ಕೇಂದ್ರದ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಸೋಲಾರಿಗೆ ವಿನಾಯಿತಿ ಇರುವುದು ಇಐಎ ಮತ್ತು ಮಾಲಿನ್ಯ ಮಂಡಳಿಯ ಸಮ್ಮತಿಪತ್ರದಿಂದ ಮಾತ್ರ, ಇಂಥ ಕಾಯ್ದೆಗಳಿಂದಲ್ಲ.

ಇನ್ನು ಕೇಳಬೇಕಾದದ್ದು ವರದಿಯನ್ನೇ. ಕಾನೂನು ಕೇಳದಿದ್ದರೂ ಸಾಲ ಕೊಡುವವರು ಕೇಳುತ್ತಾರೆ. ವಿಶ್ವಬ್ಯಾಂಕ್ ಗುಂಪು, ಏಷ್ಯಾ ಅಭಿವೃದ್ಧಿ ಬ್ಯಾಂಕಿನಂಥ ಸಂಸ್ಥೆಗಳ ಹಣ ಬರುವ ಯೋಜನೆಗಳಲ್ಲಿ ಪರಿಸರ ಮತ್ತು ಸಾಮಾಜಿಕ ಪರಿಣಾಮದ ಅಧ್ಯಯನ ಮಾಡಲೇಬೇಕು, ಊರಿನವರಿಗೆ ಅದನ್ನು ತಿಳಿಸಲೇಬೇಕು. ಆದ್ದರಿಂದ ಕಂಪನಿಯನ್ನು ‘ಇಐಎ ಮಾಡಿದ್ದೀರಾ’ ಎಂದು ಕೇಳಬೇಡಿ, ‘ಬೇಡ’ ಎಂಬ ಉತ್ತರ ಸಿದ್ಧವಾಗಿದೆ. ‘ಸಾಲ ಯಾರದ್ದು, ಅವರಿಗೆ ಕೊಟ್ಟ ಪರಿಸರ-ಸಾಮಾಜಿಕ ವರದಿ ಎಲ್ಲಿದೆ, ಕನ್ನಡದಲ್ಲಿ ಕೊಡಿ’ ಎಂದು ಕೇಳಿ. ವರದಿ ಸಿಕ್ಕರೆ ಮೊದಲು ನೋಡಬೇಕಾದದ್ದು ಅದು ಬರೀ ಪ್ಲಾಂಟಿನ ಜಾಗವನ್ನು ನೋಡಿದೆಯೋ, ಲೈನು, ರಸ್ತೆ, ಸಬ್‌ಸ್ಟೇಷನ್ ಸೇರಿಸಿದೆಯೋ ಎಂಬುದು. ಎರಡನೆಯದು, ಪಕ್ಕದ ಯೋಜನೆಗಳ ಜೊತೆ ಕೂಡಿಸಿ ಲೆಕ್ಕ ಹಾಕಿದೆಯೋ ಎಂಬುದು. 50 ಮೆಗಾವಾಟಿನ ಒಂದೊಂದು ತುಂಡಿನ ಪರಿಣಾಮ ಅಲ್ಪವೇ. ಪಾವಗಡದಲ್ಲಿ ಅಂಥವು ಸಾಲಾಗಿ ಬಂದು 2,050 ಆಯಿತು. ನಿಮ್ಮ 1,200 ಎಕರೆಯನ್ನೂ ಮೂರು ಹೆಸರಿನ ಮೂರು ಕಂಪನಿಗಳಿಗೆ ಹಂಚಿ ತರುವ ಸಾಧ್ಯತೆ ಇದ್ದೇ ಇದೆ.

ಕೊನೆಗೆ ಎಲ್ಲರೂ ಮರೆಯುವ ವಿಷಯ, ಗುತ್ತಿಗೆ ಮುಗಿದ ದಿನ. 320 ವಾಟಿನ ಪ್ಯಾನೆಲ್ ಒಂದಕ್ಕೆ 20 ಕಿಲೋ ಹಿಡಿದರೆ 200 ಮೆಗಾವಾಟಿನಲ್ಲಿ 12,000 ಟನ್ನಿಗೂ ಹೆಚ್ಚು ಪ್ಯಾನೆಲ್ ಇರುತ್ತದೆ. ತೂಕದಲ್ಲಿ ಮುಕ್ಕಾಲು ಪಾಲು ಗಾಜು, ಉಳಿದದ್ದು ಪ್ಲಾಸ್ಟಿಕ್, ಅಲ್ಯೂಮಿನಿಯಂ, ಸಿಲಿಕಾನ್, ತಾಮ್ರ. ಬೆಸುಗೆಯಲ್ಲಿ ಸ್ವಲ್ಪ ಸೀಸ. ಇಡಿಯಾಗಿರುವ ಪ್ಯಾನೆಲ್ ನೆಲಕ್ಕೆ ವಿಷ ಬಿಡುತ್ತದೆ ಎಂದು ಹೆದರಬೇಕಿಲ್ಲ. ಒಡೆದದ್ದನ್ನು ಹಳ್ಳದಲ್ಲಿ ರಾಶಿ ಹಾಕಿ ಮಳೆಗೆ ಬಿಟ್ಟರೆ ಹೆದರಬೇಕು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳಲ್ಲಿ ಸೋಲಾರ್ ಪ್ಯಾನೆಲ್ ಸೇರಿದೆ, ಸದ್ಯಕ್ಕೆ 2034-35ರವರೆಗೆ ಹಾಳಾದವನ್ನು ಸುರಕ್ಷಿತವಾಗಿ ಕೂಡಿಡಬೇಕೆಂಬುದು ಅದರ ಸಾರ. ಆದರೆ ಆ ನಿಯಮದ ಹೊಣೆ ತಯಾರಕರ, ಆಮದುದಾರರ ಮೇಲೆ. ನಿಮ್ಮ ಹೊಲದಲ್ಲಿ ಉಳಿದ ಕಬ್ಬಿಣದ ಕಂಬ, ನೆಲದೊಳಗಿನ ಕೇಬಲ್, ಕಾಂಕ್ರೀಟ್ ಕಟ್ಟೆ, ಟ್ರಾನ್ಸ್‌ಫಾರ್ಮರ್ ಎಣ್ಣೆ ಬಿದ್ದ ಮಣ್ಣು ಯಾರದ್ದು ಎಂದು ಅದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ನಿಮ್ಮ ಗುತ್ತಿಗೆ ಪತ್ರ. ಎಲ್ಲ ಕಿತ್ತು ನೆಲ ಮೊದಲಿನಂತೆ ಮಾಡಿಕೊಡಲು ಬ್ಯಾಂಕ್ ಗ್ಯಾರಂಟಿ ಇಡಿಸಿ, ಕಂಪನಿ ಕೈ ಬದಲಾದರೂ ಅದು ಉಳಿಯುವಂತೆ ಬರೆಸಿ. ಕಂಪನಿ ಕೈ ಬದಲಾಗುತ್ತದೆ, ಈ ವ್ಯವಹಾರದಲ್ಲಿ ಅದು ಮಾಮೂಲಿ. (ಪತ್ರ ಓದುವಾಗ ಬಾಡಿಗೆಯ ಏರಿಕೆಯನ್ನೂ ನೋಡಿಕೊಳ್ಳಿ. ಎರಡು ವರ್ಷಕ್ಕೆ ಶೇ 5ರಂತೆ ಏರಿದರೆ ಗುತ್ತಿಗೆಯ ಕೊನೆಗೆ 21,000 ಸುಮಾರು 39,600 ಆಗುತ್ತದೆ; ಅಷ್ಟರೊಳಗೆ ಬೆಲೆಗಳು ಅದರ ಎರಡರಷ್ಟು ವೇಗದಲ್ಲಿ ಏರಿರಬಹುದು.)

ಸಹಿ ಹಾಕುವ ಮೊದಲು ಪಂಚಾಯಿತಿ ತಾನೇ ಮಾಡಬಹುದಾದ ಅಳತೆಗಳಿಗೆ ದೊಡ್ಡ ದುಡ್ಡೇನೂ ಬೇಡ. ಯೋಜನೆಯ ಸುತ್ತ ಒಂದು ಕಿಲೋಮೀಟರಿನೊಳಗಿನ ಕುಡಿಯುವ ನೀರಿನ ಎಲ್ಲ ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ನವೆಂಬರಿನಲ್ಲಿ ಒಮ್ಮೆ ಅಳೆಸಿ. ಪಂಪ್ ನಿಲ್ಲಿಸಿ ಒಂದು ರಾತ್ರಿ ಕಳೆದ ಮೇಲೆ ಅಳೆಯಬೇಕು, ಇಲ್ಲದಿದ್ದರೆ ಅಂಕಿ ತಪ್ಪುತ್ತದೆ. ಅದೇ ದಿನ ನೀರಿನ ಮಾದರಿ ತೆಗೆದು ಫ್ಲೋರೈಡ್ ಪರೀಕ್ಷೆಗೆ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ. ಹಳ್ಳ, ಕೆರೆ ಕೋಡಿ, ತೂಬು, ಬದುಗಳ ಫೋಟೊಗಳನ್ನು ಸ್ಥಳದ ಗುರುತು ಬರುವಂತೆ ಫೋನಿನಲ್ಲೇ ತೆಗೆಯಿರಿ. ಕುರಿ ಇರುವ ಮನೆಗಳು, ಅವು ಯಾವ ತಿಂಗಳು ಎಲ್ಲಿ ಮೇಯುತ್ತವೆ, ಕೂಲಿಗೆ ಹೋಗುವ ಮನೆಗಳು, ಗೇಣಿಗೆ ಉಳುವವರು ಇವೆಲ್ಲವನ್ನೂ ಹೆಸರು ಸಮೇತ ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಕಂಪನಿಯ ಪ್ರತಿನಿಧಿಯ ಸಹಿಯನ್ನೂ ಹಾಕಿಸಿ. ಆ ಸಹಿ ಮುಖ್ಯ: ಮೊದಲಿನ ಸ್ಥಿತಿ ಹೀಗಿತ್ತು ಎಂದು ಎರಡೂ ಕಡೆಯವರು ಒಪ್ಪಿದ ಕಾಗದ ಅದೊಂದೇ. ಗುತ್ತಿಗೆ ಪತ್ರಕ್ಕೆ ಅದನ್ನು ಅನುಬಂಧವಾಗಿ ಸೇರಿಸಿ ನೋಂದಣಿ ಮಾಡಿಸಿ. ಸಹಿ ಹಾಕಲು ಹಿಂದೇಟು ಹಾಕಿದರೆ ನವೆಂಬರಿನ ಅಳತೆ ಮುಗಿಯುವವರೆಗೆ ಗುತ್ತಿಗೆಯ ಮಾತನ್ನು ಮುಂದಕ್ಕೆ ಹಾಕಿ. ಒಂದು ಮಳೆಗಾಲ ಕಾಯುವುದರಿಂದ ಊರಿಗೆ ಏನೂ ನಷ್ಟವಿಲ್ಲ.